57 ಕಿಲೋದ ಪೈಲ್ವಾನ ಖಾಶಾಬಾ ಜಾಧವ

ನಮ್ಮ ಗಡಿಭಾಗದ ಜಾತ್ರೆ ಕುಸ್ತಿಗಳಲ್ಲಿ ಪೈಲ್ವಾನರನ್ನು ತಕ್ಕಡಿಗೆ ಹಾಕಿ ತೂಗುವ ರೂಢಿ ಕಡಿಮೆ. ಪಂಚರು ಕಣ್ಣಳತೆಯಲ್ಲೇ ಜೋಡಿ ಹಚ್ಚುತ್ತಾರೆ. ಒಲಿಂಪಿಕ್ಸ್‌ನಲ್ಲಿ ಹಾಗಲ್ಲ, ಅಲ್ಲಿ ತೂಕ ಮೊದಲು, ಪೈಲ್ವಾನ ಆಮೇಲೆ. ಭಾರತದ ಪುರುಷರ ಕುಸ್ತಿಗೆ ಹೆಚ್ಚು ಫಲ ಕೊಟ್ಟದ್ದು 57 ಕಿಲೋ ವರ್ಗ. 1952, 2021 ಮತ್ತು 2024ರಲ್ಲಿ ಮೂವರು ಪೈಲ್ವಾನರು ಇದೇ ತೂಕದಲ್ಲಿ ಪದಕ ತಂದರು. ಈ ಕಾಲಗಳಲ್ಲಿ ಯಾವುದು ಗಟ್ಟಿ ಎಂಬ ಚರ್ಚೆ ಕುಸ್ತಿಪ್ರಿಯರಲ್ಲಿ ಬಂದಾಗಲೆಲ್ಲ ಮೊದಲನೆಯವರಾದ ಖಾಶಾಬಾ ದಾದಾಸಾಹೇಬ ಜಾಧವ ಅವರಿಂದಲೇ ಲೆಕ್ಕ ಶುರು ಮಾಡಬೇಕಾಗುತ್ತದೆ.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆ ಕರಾಡ ತಾಲೂಕಿನ ಗೋಳೇಶ್ವರದಲ್ಲಿ. ತಂದೆ ದಾದಾಸಾಹೇಬರೂ ಪೈಲ್ವಾನರು. ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕೊನೆಯವರು. ಮೈಕಟ್ಟು ಸಣ್ಣದು, ಆದರೆ ಕಾಲಿನ ಚುರುಕು, ಪಟ್ಟು ಬದಲಿಸುವ ವೇಗ ಅಪರೂಪದ್ದಾಗಿತ್ತು. ಮುಂದೆ ಕೊಲ್ಹಾಪುರದ ರಾಜಾರಾಮ ಕಾಲೇಜು ಸೇರಿದರು. ಆ ದಿನಗಳಲ್ಲಿ ಕೊಲ್ಹಾಪುರವೆಂದರೆ ಕುಸ್ತಿಯ ಕಾಶಿ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಚಿಕ್ಕೋಡಿ ಭಾಗದ ಯಕ್ಸಂಬಾದ ಶ್ರೀಪತಿ ಖಂಚನಾಳೆ ಅವರೂ ಅದೇ ಊರಿನ ಮಣ್ಣಿನಲ್ಲಿ ಪಳಗಿದವರು.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋಗಲು ಕೊಲ್ಹಾಪುರದ ಮಹಾರಾಜರು ಹಣದ ನೆರವು ನೀಡಿದರು. ಅಲ್ಲಿಯತನಕ ಖಾಶಾಬಾ ಆಡಿದ್ದೆಲ್ಲ ಮಣ್ಣಿನ ಅಖಾಡದಲ್ಲಿ, ಮ್ಯಾಟ್ ಎಂಬುದೇ ಹೊಸತು. ನಿಯಮಗಳೂ ಬೇರೆ. ಆದರೂ 52 ಕಿಲೋ ವರ್ಗದಲ್ಲಿ ಆರನೆಯವರಾಗಿ ಬಂದದ್ದು ಸಣ್ಣ ಸಾಧನೆಯಲ್ಲ. ಅಮೆರಿಕದ ರೀಸ್ ಗಾರ್ಡ್ನರ್ ಅವರಿಂದ ಆಗ ಕಲಿತದ್ದು ಮುಂದೆ ಉಪಯೋಗಕ್ಕೆ ಬಂತು.

ನಾಲ್ಕು ವರ್ಷದ ನಂತರ ಹೆಲ್ಸಿಂಕಿಗೆ ಹೋಗುವಾಗ ತೂಕ 57 ಕಿಲೋ ವರ್ಗಕ್ಕೆ ಏರಿತ್ತು, ಹಣ ಮಾತ್ರ ಇರಲಿಲ್ಲ. ಊರವರು ಕೈಲಾದಷ್ಟು ಕೂಡಿಸಿದರು. ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡಿಕರ ಅವರು ಸ್ವಂತ ಮನೆ ಒತ್ತೆ ಇಟ್ಟು 7000 ರೂಪಾಯಿ ತಂದುಕೊಟ್ಟರು. ಶಿಷ್ಯನ ಮೇಲೆ ಇಂಥ ನಂಬಿಕೆ ಇಟ್ಟ ಗುರುಗಳು ಎಷ್ಟು ಮಂದಿ ಸಿಗುತ್ತಾರೆ?

ಹೆಲ್ಸಿಂಕಿಯಲ್ಲಿ ಕೆನಡಾದ ಪೊಲಿಕ್ವಿನ್, ಮೆಕ್ಸಿಕೋದ ಬಸುರ್ಟೊ, ಜರ್ಮನಿಯ ಶ್ಮಿಟ್ಜ್ ಅವರನ್ನು ಖಾಶಾಬಾ ಸೋಲಿಸಿದರು. ಮುಂದೆ ಸಿಕ್ಕವರು ಜಪಾನಿನ ಶೋಹಾಚಿ ಇಶಿಯಿ. ಆಗ ಒಂದು ಕುಸ್ತಿ 15 ನಿಮಿಷ, ಈಗಿನಂತೆ ಮೂರು ಮೂರು ನಿಮಿಷದ ಎರಡು ಸುತ್ತಲ್ಲ. ಇಶಿಯಿ ಎದುರು ಪೂರ್ತಿ ಹೊತ್ತು ಸೆಣಸಿ ಸೋತು ಸುಸ್ತಾದ ಖಾಶಾಬಾಗೆ ಕೂಡಲೇ ಸೋವಿಯತ್ ದೇಶದ ರಶೀದ್ ಮಮ್ಮದ್‌ಬೆಯೋವ್ ಎದುರು ಇಳಿಯಲು ಹೇಳಲಾಯಿತು. ಎರಡು ಕುಸ್ತಿಗಳ ನಡುವೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಅದನ್ನು ಎತ್ತಿ ಹೇಳಲು ಭಾರತದ ಅಧಿಕಾರಿ ಒಬ್ಬರೂ ಹತ್ತಿರ ಇರಲಿಲ್ಲ. ಆ ಕುಸ್ತಿಯೂ ಕೈತಪ್ಪಿತು. ಇಶಿಯಿಗೆ ಚಿನ್ನ, ಮಮ್ಮದ್‌ಬೆಯೋವ್‌ಗೆ ಬೆಳ್ಳಿ, ಖಾಶಾಬಾಗೆ ಕಂಚು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಎರಡನೆಯದಕ್ಕೆ 1996ರಲ್ಲಿ ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಬರುವತನಕ 44 ವರ್ಷ ಕಾಯಬೇಕಾಯಿತು.

ಈ ತೂಕದ ಎರಡನೆಯ ಒಳ್ಳೆಯ ಕಾಲ 1960-70ರ ದಶಕ. ಬಿಶಂಬರ್ ಸಿಂಗ್ 1967ರ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಪ್ರೇಮನಾಥ್ 1972ರ ಮ್ಯೂನಿಕ್‌ನಲ್ಲಿ ನಾಲ್ಕನೆಯವರಾದರು. ಪದಕ ಬರಲಿಲ್ಲವೆಂದು ಇವರನ್ನು ಮರೆಯುವುದು ಸರಿಯಲ್ಲ.

ಮೂರನೆಯದು ಈಚಿನದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರವಿ ದಹಿಯಾ ಬೆಳ್ಳಿ ತಂದರು. 2024ರ ಪ್ಯಾರಿಸ್‌ನಲ್ಲಿ 21 ವರ್ಷದ ಅಮನ್ ಸೆಹ್ರಾವತ್ ಕಂಚು ಗೆದ್ದರು. ಸೆಮಿಫೈನಲ್ ಸೋತ ಅಮನ್ ರಾತ್ರಿಯೆಲ್ಲ ಬೆವರಿಳಿಸಿ 4.6 ಕಿಲೋ ಕರಗಿಸಿ ಮರುದಿನ ತೂಕಕ್ಕೆ ನಿಂತರು. ಜೊತೆಗೆ ಇಬ್ಬರು ತರಬೇತುದಾರರು ಬೆಳಗಿನತನಕ ಎಚ್ಚರಿದ್ದರು. ಇಬ್ಬರೂ ಪದಕವಿಜೇತರು ದೆಹಲಿಯ ಛತ್ರಸಾಲ್ ಕ್ರೀಡಾಂಗಣದಲ್ಲಿ ತಯಾರಾದವರು.

ಈ ಮೂರನೆಯ ಕಾಲದಲ್ಲಿ ನಮ್ಮ ಮರಾಠವಾಡದ ಪಾಲೂ ಇದೆ. ಬೀಡ ಜಿಲ್ಲೆಯ ಪಾಟೋದಾದ ರಾಹುಲ್ ಆವಾರೆ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಇದೇ 57 ಕಿಲೋದಲ್ಲಿ ಚಿನ್ನ ಗೆದ್ದರು. ಅವರಿಗೆ ಪುಣೆಯಲ್ಲಿ ಕುಸ್ತಿ ಕಲಿಸಿದವರು ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರ. 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಚಿನ್ನದ ಧಣಿಯಾದ ಈ ವಸ್ತಾದರು 2011ರಲ್ಲಿ ತೀರಿಕೊಂಡರು. ಶಿಷ್ಯನ ಚಿನ್ನ ನೋಡಲು ಅವರಿರಲಿಲ್ಲ.

ಪದಕ ಎಣಿಸಿದರೆ ಮೂರನೆಯ ಕಾಲವೇ ಗಟ್ಟಿ, ಅದರಲ್ಲಿ ವಾದವಿಲ್ಲ. ಒಬ್ಬರು ಸರಿದರೆ ಇನ್ನೊಬ್ಬರು ಸಿದ್ಧರಿರುವುದೇ ಈ ಕಾಲದ ಬಲ. ಆದರೆ ಒಬ್ಬೊಬ್ಬರನ್ನೇ ಎದುರು ಬದುರು ನಿಲ್ಲಿಸಿದರೆ ತಕ್ಕಡಿ ಖಾಶಾಬಾ ಕಡೆಗೇ ವಾಲುತ್ತದೆ. ವೇಗದಲ್ಲಿ ಇಂದಿನವರು ಮುಂದಿರಬಹುದು. ನಿಯಮ ಕೇಳುವವರೂ ಇಲ್ಲದೆ, ಸಾಲದ ಹಣದಲ್ಲಿ ಹೋಗಿ, ಒಂದರ ಹಿಂದೆ ಒಂದು ದೀರ್ಘ ಕುಸ್ತಿ ಆಡಿ ಪದಕ ತಂದವರು ಅವರೊಬ್ಬರೇ.

ಮರಳಿ ಬಂದಾಗ ಕರಾಡದಿಂದ ಗೋಳೇಶ್ವರಕ್ಕೆ ನೂರಕ್ಕೂ ಹೆಚ್ಚು ಎತ್ತಿನ ಬಂಡಿಗಳ ಮೆರವಣಿಗೆ ನಡೆಯಿತು. ಗುಲಾಲು ಒಣಗುವ ಮುಂಚೆಯೇ ಖಾಶಾಬಾ ಕುಸ್ತಿ ಮೈದಾನಗಳನ್ನು ಏರ್ಪಡಿಸಿ, ಅದರಿಂದ ಬಂದ ಹಣದಲ್ಲಿ ಖರ್ಡಿಕರರ ಮನೆ ಬಿಡಿಸಿಕೊಟ್ಟರು. 1955ರಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆದರು. ಮೊಣಕಾಲಿನ ಪೆಟ್ಟಿನಿಂದ 1956ರ ಮೆಲ್ಬೋರ್ನ್ ತಪ್ಪಿತು. ಸಹಾಯಕ ಪೊಲೀಸ್ ಕಮಿಷನರ್ ಹುದ್ದೆಗೇರಿ ನಿವೃತ್ತರಾದ ಮೇಲೂ ಪಿಂಚಣಿಗಾಗಿ ಓಡಾಟ ತಪ್ಪಲಿಲ್ಲ. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು 2000ರ ಸಾಲಿನಲ್ಲಿ, ಮರಣೋತ್ತರವಾಗಿ. 2010ರಲ್ಲಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದ ಕುಸ್ತಿ ಭವನಕ್ಕೆ ಅವರ ಹೆಸರಿಡಲಾಯಿತು.