ಮಾರ್ಟಿನಸ್ ಬೈಯರಿಂಕ್

ಮಾರ್ಟಿನಸ್ ವಿಲ್ಲೆಮ್ ಬೈಯರಿಂಕ್ (೧೬ ಮಾರ್ಚ್ ೧೮೫೧ – ೧ ಜನವರಿ ೧೯೩೧) ನೆದರ್ಲೆಂಡ್ಸ್ ದೇಶದ ಸಸ್ಯವಿಜ್ಞಾನಿ ಹಾಗೂ ಸೂಕ್ಷ್ಮಜೀವಿವಿಜ್ಞಾನಿ. ವೈರಾಣು ವಿಜ್ಞಾನದ ಸ್ಥಾಪಕರಲ್ಲಿ ಒಬ್ಬರೆಂದು ಪ್ರಸಿದ್ಧರಾದ ಇವರು ಸಿಹಿನೀರಿನ ಸೂಕ್ಷ್ಮಶೈವಲವಾದ ಕ್ಲೋರೆಲ್ಲಾವನ್ನು ಮೊದಲ ಬಾರಿಗೆ ಶುದ್ಧ ರೂಪದಲ್ಲಿ ಬೆಳೆಸಿದರು. ಕೃಷಿ ಆಧಾರಿತ ಕಾರ್ಖಾನೆಗಳ ತ್ಯಾಜ್ಯನೀರು ಶೈವಲಗಳ ಮೇಲೆ ಬೀರುವ ಪರಿಣಾಮವನ್ನು ಅರಿಯಲು ಇಂದು ವ್ಯಾಪಕವಾಗಿ ಬಳಸುವ ಜೀವಿಗಳಲ್ಲಿ ಇದೂ ಒಂದು.

ಜನನ ಮತ್ತು ವಿದ್ಯಾಭ್ಯಾಸ

ಬೈಯರಿಂಕ್ ಅವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜನಿಸಿದರು. ಡೆಲ್ಫ್ಟ್‌ನಲ್ಲಿ ವ್ಯಾಸಂಗ ಮಾಡಿ, ೧೮೭೭ರಲ್ಲಿ ಲೈಡನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ವಾಗೆನಿಂಗೆನ್‌ನ ಕೃಷಿ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು.

ಕಾರ್ಖಾನೆಯ ಪ್ರಯೋಗಾಲಯ

೧೮೮೫ರಲ್ಲಿ ಡೆಲ್ಫ್ಟ್‌ನ ಯೀಸ್ಟ್ ಮತ್ತು ಮದ್ಯಸಾರ ಕಾರ್ಖಾನೆಯ ಪ್ರಯೋಗಾಲಯವನ್ನು ಸೇರಿದರು. ೧೮೮೮ರಲ್ಲಿ ದ್ವಿದಳ ಸಸ್ಯಗಳ ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದರು. ಅದುವರೆಗೆ ಶೈವಲಗಳನ್ನು ಇತರ ಜೀವಿಗಳೊಡನೆ ಬೆರೆತಂತೆಯೇ ಬೆಳೆಸಲಾಗುತ್ತಿತ್ತು. ಆದ್ದರಿಂದ ನೀರಿನಲ್ಲಿ ಕಂಡ ಬದಲಾವಣೆ ಯಾವ ಜೀವಿಯಿಂದಾದುದೆಂದು ನಿರ್ಧರಿಸುವುದು ಕಷ್ಟವಾಗಿತ್ತು. ಬ್ಯಾಕ್ಟೀರಿಯಾಗಳಿಗೆ ಬಳಸುತ್ತಿದ್ದ ಜೆಲಾಟಿನ್ ವಿಧಾನವನ್ನು ಬೈಯರಿಂಕ್ ಶೈವಲಗಳಿಗೂ ಅನ್ವಯಿಸಿದರು. ೧೮೮೯ರಲ್ಲಿ ಡೆಲ್ಫ್ಟ್ ಸಮೀಪದ ಪೋಷಕಾಂಶ ಸಮೃದ್ಧ ಕೊಳವೊಂದರಿಂದ ಪಡೆದ ಹಸಿರು ಜೀವಿಯನ್ನು ೧೮೯೦ರಲ್ಲಿ ಕ್ಲೋರೆಲ್ಲಾ ವಲ್ಗ್ಯಾರಿಸ್ ಎಂದು ವಿವರಿಸಿದರು.

ಪ್ರಾಧ್ಯಾಪಕ ವೃತ್ತಿ

೧೮೯೫ರಲ್ಲಿ ಡೆಲ್ಫ್ಟ್‌ನ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾದರು. ತಂಬಾಕಿನ ಮೊಸಾಯಿಕ್ ರೋಗಕ್ಕೆ ಬ್ಯಾಕ್ಟೀರಿಯಾಕ್ಕಿಂತ ಭಿನ್ನವಾದ ರೋಗಕಾರಕವಿದೆಯೆಂದು ೧೮೯೮ರಲ್ಲಿ ಪ್ರತಿಪಾದಿಸಿದರು. ಬೇಕಾದ ಜೀವಿಗೆ ಮಾತ್ರ ಅನುಕೂಲಕರವಾದ ಪೋಷಕ ದ್ರಾವಣವನ್ನು ಒದಗಿಸಿ ಅದನ್ನು ಪ್ರತ್ಯೇಕಿಸುವ ವಿಧಾನವನ್ನು ಬೆಳೆಸಿದರು. ೧೯೦೫ರಲ್ಲಿ ಲೀವೆನ್‌ಹುಕ್ ಪದಕ ಪಡೆದರು. ಅವಿವಾಹಿತರಾಗಿದ್ದ ಇವರು ವಿದ್ಯಾರ್ಥಿಗಳೊಡನೆ ನಿಷ್ಠುರವಾಗಿ ವರ್ತಿಸುತ್ತಿದ್ದರು. ೧೯೨೧ರಲ್ಲಿ ನಿವೃತ್ತರಾಗಿ ಗೋರ್ಸೆಲ್‌ನಲ್ಲಿ ನೆಲೆಸಿ, ಅಲ್ಲಿಯೇ ನಿಧನರಾದರು.

ತ್ಯಾಜ್ಯನೀರಿನ ಅಧ್ಯಯನಕ್ಕೆ ಕೊಡುಗೆ

ಬೈಯರಿಂಕ್ ಸ್ವತಃ ಕಾರ್ಖಾನೆಯ ತ್ಯಾಜ್ಯನೀರಿನ ಶುದ್ಧೀಕರಣಕ್ಕಾಗಿ ಶೈವಲವನ್ನು ಬೆಳೆಸಲಿಲ್ಲ. ಈ ಬಗೆಯ ಸಂಶೋಧನೆ ೧೯೫೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಓಸ್ವಾಲ್ಡ್ ಮತ್ತು ಸಹೋದ್ಯೋಗಿಗಳ ಚರಂಡಿ ನೀರಿನ ಕೊಳಗಳ ಅಧ್ಯಯನದಿಂದ ಬಲಗೊಂಡಿತು. ಹೈನು ಉದ್ಯಮ, ಸಕ್ಕರೆ ಕಾರ್ಖಾನೆ ಮತ್ತು ಮದ್ಯಸಾರ ಘಟಕಗಳ ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಕ್ಲೋರೆಲ್ಲಾ ಹೀರಿಕೊಂಡು ಬೆಳೆಯುತ್ತದೆ. ಬೆಳಕಿನೊಂದಿಗೆ ಕೆಲವು ಸಾವಯವ ಇಂಗಾಲದ ಸಂಯುಕ್ತಗಳನ್ನೂ ಬಳಸಬಲ್ಲದು. ಅದು ಹೊರಬಿಡುವ ಆಮ್ಲಜನಕವು ಕೊಳೆಯನ್ನು ವಿಘಟಿಸುವ ಬ್ಯಾಕ್ಟೀರಿಯಾಗಳಿಗೆ ನೆರವಾಗುತ್ತದೆ. ಆದರೆ ನೀರು ತೀರ ಸಾಂದ್ರವಾಗಿದ್ದರೆ ಪರಿಣಾಮ ತಿರುವುಮುರುವಾಗುತ್ತದೆ. ಕಾಕಂಬಿಯಿಂದ ಮದ್ಯಸಾರ ತಯಾರಿಸಿದ ಬಳಿಕ ಉಳಿಯುವ ದ್ರವದ ಕಡುಕಂದು ಬಣ್ಣ ಬೆಳಕನ್ನು ತಡೆಯುತ್ತದೆ; ಕ್ಷಾರೀಯ ನೀರಿನಲ್ಲಿ ಹೆಚ್ಚುವ ಮುಕ್ತ ಅಮೋನಿಯಾ ಕೋಶಗಳಿಗೆ ವಿಷವಾಗುತ್ತದೆ. ಹೀಗಾಗಿ ಇಂಥ ನೀರನ್ನು ತಕ್ಕಷ್ಟು ತೆಳುಗೊಳಿಸಿ ಬಳಸುವುದು ವಾಡಿಕೆ.

ಬೈಯರಿಂಕ್ ೧೮೮೯ರಲ್ಲಿ ಪ್ರತ್ಯೇಕಿಸಿದ ಕ್ಲೋರೆಲ್ಲಾ ತಳಿಯನ್ನು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದ ಶೈವಲ ಸಂಗ್ರಹದಲ್ಲಿ ಇಂದಿಗೂ ಜೀವಂತವಾಗಿ ಕಾಯ್ದಿರಿಸಲಾಗಿದೆ.