ಕಲ್ಲಿನಲ್ಲಿ ಮದ್ದು ಕಂಡ ಮೇರಿ ಕ್ಯೂರಿ

ಕಲ್ಲಿನಲ್ಲಿ ಮೂರ್ತಿ ಕಾಣುವ ಶಿವಾರಪಟ್ಟಣದಲ್ಲಿ ಓದಿದ ನನಗೆ, ಕಲ್ಲಿನಲ್ಲಿ ಮದ್ದು ಕಂಡ ಮೇರಿ ಕ್ಯೂರಿ ದೂರದವರೆನಿಸುವುದಿಲ್ಲ.

ಅವರು 1867ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರವೇಶವಿರಲಿಲ್ಲ. ಮನೆಪಾಠ ಹೇಳಿ ದುಡಿದು, ಮೊದಲು ಅಕ್ಕನ ಓದಿಗೆ ನೆರವಾಗಿ, 1891ರಲ್ಲಿ ತಾವೂ ಪ್ಯಾರಿಸ್ ಸೇರಿದರು. 1898ರಲ್ಲಿ ಪತಿ ಪಿಯರಿಯವರೊಡನೆ ರೇಡಿಯಂ ಕಂಡುಹಿಡಿದರು. ಸೋರುವ ಶೆಡ್ಡಿನಲ್ಲಿ ಟನ್‌ಗಟ್ಟಲೆ ಅದಿರು ಸಂಸ್ಕರಿಸಿ 1902ರಲ್ಲಿ ಪಡೆದದ್ದು ಸುಮಾರು 0.1 ಗ್ರಾಂ ರೇಡಿಯಂ ಲವಣ. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ರೇಡಿಯಂ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಬಂತು. 1903 ಮತ್ತು 1911ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಬಹುಕಾಲ ವಿಕಿರಣಕ್ಕೆ ಮೈಯೊಡ್ಡಿದ್ದ ಅವರು 1934ರಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡರು.

ಇಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ‘ಕರೆಂಟ್’ ಕೊಡುವಾಗ ಪ್ರಮಾಣವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುತ್ತಾರೆ. ಊರಿನ ಹಿರಿಯರಲ್ಲಿ ನನ್ನದೊಂದೇ ವಿನಂತಿ: ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ.