ಡಾ. ಯಲ್ಲಾಪ್ರಗಡ ಸುಬ್ಬರಾವ್

ಆಂಧ್ರದ ಭೀಮಾವರಂ ಎಂಬ ಊರಿನ ಒಂದು ಬಡ ಸಂಸಾರದಲ್ಲಿ 1895ನೆಯ ಇಸವಿ ಜನವರಿ 12ರಂದು ಸುಬ್ಬರಾಯರು ಜನಿಸಿದರು. ಆಗ ಆ ಊರೂ ನಮ್ಮ ಹೊಸೂರು, ಕೃಷ್ಣಗಿರಿಗಳೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದದ್ದು ಮೂರನೆಯ ಸಲ. (ಮಗ ಒಮ್ಮೆ ನಪಾಸಾದರೆ ಶಾಲೆ ಬಿಡಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು.)

ಸ್ಪ್ರೂ ಎಂಬ ಭೇದಿರೋಗ ಅವರ ಸಹೋದರರನ್ನು ಬಲಿತೆಗೆದುಕೊಂಡಿತು. ಅದಕ್ಕೆ ಮದ್ದು ಹುಡುಕಬೇಕೆಂಬ ಹಟ ಅವರಲ್ಲಿ ಬೇರೂರಿತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟಿದ್ದಕ್ಕಾಗಿ ಪ್ರಾಧ್ಯಾಪಕರ ಕೋಪಕ್ಕೆ ಗುರಿಯಾಗಿ, ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪದವಿಯನ್ನಷ್ಟೇ ಪಡೆದರು. 1923ರಲ್ಲಿ ಅಮೆರಿಕೆಗೆ ಹೋದರು. ಮತ್ತೆ ತಾಯ್ನಾಡಿಗೆ ಬರಲಿಲ್ಲ. ಪತ್ನಿ ಇಲ್ಲಿಯೇ ಉಳಿದರು.

ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಅವರೊಡನೆ ದುಡಿದು, 1929ರಲ್ಲಿ ಸ್ನಾಯುಗಳಲ್ಲಿ ಎ.ಟಿ.ಪಿ. ಎಂಬ ವಸ್ತುವನ್ನು ಕಂಡರು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಎಂಬುವರೂ ಅದನ್ನು ಕಂಡಿದ್ದರು. ಜೀವಕೋಶಕ್ಕೆ ಇದು ಶಕ್ತಿಯ ಕೈಗಾಸು.

ಮುಳ್ಳು ಚುಚ್ಚಿದ ಕಾಲು ಕೆಂಪೇರಿ, ಬಿಸಿಯಾಗಿ ಬಾತುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಇದೇ ಉರಿಯೂತ. ರೋಗಾಣು ಹೊಕ್ಕ ಸುದ್ದಿ ಜೀವಕೋಶದ ಹೊರಪೊರೆಯಿಂದ ಒಳಗಿನ ಕೋಶಕೇಂದ್ರಕ್ಕೆ ಮುಟ್ಟಬೇಕಷ್ಟೆ. ಅದನ್ನು ಸಾಗಿಸುವವು ಪ್ರೋಟೀನ್ ಕೈನೇಸ್‌ಗಳೆಂಬ ಕಿಣ್ವಗಳು. ಅವು ಎ.ಟಿ.ಪಿ.ಯ ತುದಿಯ ಫಾಸ್ಫೇಟನ್ನು ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುತ್ತವೆ. ಎನ್.ಎಫ್. ಕಪ್ಪಾ ಬಿ ಎಂಬ ಪ್ರೋಟೀನನ್ನು ಸಾಮಾನ್ಯವಾಗಿ ಇನ್ನೊಂದು ಪ್ರೋಟೀನು ಕಟ್ಟಿಹಾಕಿರುತ್ತದೆ. ಕಟ್ಟಿದ ಆ ಪ್ರೋಟೀನಿಗೆ ಕೈನೇಸು ಫಾಸ್ಫೇಟ್ ಅಂಟಿಸಿದೊಡನೆ ಅದು ನಾಶವಾಗುತ್ತದೆ. ಬಿಡುಗಡೆಗೊಂಡದ್ದು ಕೋಶಕೇಂದ್ರವನ್ನು ಹೊಕ್ಕು ಉರಿಯೂತದ ವಂಶವಾಹಿಗಳನ್ನು ಎಬ್ಬಿಸುತ್ತದೆ. ಫಾಸ್ಫೇಟನ್ನು ಕೀಳುವ ಕಿಣ್ವಗಳೂ ಉಂಟು. ಇಲ್ಲದಿದ್ದರೆ ಬಾವು ಇಳಿಯುವುದೆಂತು?

ಇವೆಲ್ಲ ತಿಳಿದದ್ದು ಸುಬ್ಬರಾಯರ ಕಾಲಾನಂತರ. ಫಾಸ್ಫೇಟಿನ ಈ ಕೀಲಿಯನ್ನು 1955ರಲ್ಲಿ ತೋರಿಸಿದ ಕ್ರೆಬ್ಸ್ ಮತ್ತು ಫಿಷರ್ ಅವರಿಗೆ 1992ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಸುಬ್ಬರಾಯರಿಗೆ ಹಾರ್ವರ್ಡಿನಲ್ಲಿ ಕಾಯಂ ಹುದ್ದೆಯೂ ದೊರಕಲಿಲ್ಲ.

1940ರಲ್ಲಿ ಅವರು ಲೆಡರ್ಲೆ ಔಷಧ ಕಂಪನಿಯನ್ನು ಸೇರಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು! ಅದೇ ಹಾದಿಯಲ್ಲಿ ಹುಟ್ಟಿದ ಮೆಥೋಟ್ರೆಕ್ಸೇಟ್ ಮೊದಲು ಕ್ಯಾನ್ಸರಿಗೆ, ಮುಂದೆ ಕೀಲುಗಳ ಉರಿಯೂತವಾದ ಸಂಧಿವಾತಕ್ಕೂ ಔಷಧವಾಯಿತು. ಇಂದಿಗೂ ಸಂಧಿವಾತದ ರೋಗಿಗಳು ಅದನ್ನು ವಾರಕ್ಕೊಮ್ಮೆ ಸೇವಿಸುತ್ತಾರೆ.

1948ರ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ನ್ಯೂಯಾರ್ಕಿನಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು. 1995ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿಯನ್ನು ಹೊರತಂದಿತು.